ಮಗ್ಗದ ಗುಂಡಿ ಮತ್ತು ನೀಲಿ ಪರದೆ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಶಾಲೆಗಳಲ್ಲಿ ಓದಿ, ಇಂದು ಬೆಂಗಳೂರು, ಪುಣೆ, ಹೈದರಾಬಾದುಗಳಲ್ಲಿ ತಂತ್ರಾಂಶ ಬರೆಯುವ ವೃತ್ತಿಯಲ್ಲಿ ನೆಲೆನಿಂತಿರುವ ಮಕ್ಕಳ ಸಂಖ್ಯೆ ಸಣ್ಣದಲ್ಲ. ಅವರಲ್ಲಿ ಕೆಲವರು ಈಗ ಎಂಟು-ಹತ್ತು ಜನರ ತಂಡಕ್ಕೆ ಹಿರಿಯರೂ ಆಗಿದ್ದಾರೆ. ರಜೆಗೆ ಊರಿಗೆ ಬಂದಾಗ ಅವರು ತಮ್ಮತಮ್ಮಲ್ಲಿ ಮಾತನಾಡುವುದನ್ನು ಕೇಳಿಸಿಕೊಂಡಿದ್ದೇನೆ. ಸಂಬಳದ ಮಾತು, ಬಾಡಿಗೆಯ ಮಾತು, ವಾಹನ ದಟ್ಟಣೆಯ ಮಾತು ಎಲ್ಲವೂ ತಣ್ಣಗೆ ಸಾಗುತ್ತವೆ. ಆದರೆ 'ನಿಮ್ಮ ತಂಡದಲ್ಲಿ ಯಾವ ಐ.ಡಿ.ಇ. ಬಳಸುತ್ತೀರಿ?' ಎಂಬ ಪ್ರಶ್ನೆ ಬಂದೊಡನೆ ದನಿ ಏರುತ್ತದೆ. ಒಬ್ಬನಿಗೆ ಇಂಟೆಲಿಜೆ ಬಿಟ್ಟರೆ ಬೇರೇನೂ ಬೇಡ, ಇನ್ನೊಬ್ಬಳಿಗೆ ವಿ.ಎಸ್. ಕೋಡ್ ಸಾಕು, ಮೂರನೆಯವನು ಮೀಸೆಯಂಚಿನಲ್ಲಿ ನಗುತ್ತ 'ನನಗೆ ವಿಮ್ ಒಂದಿದ್ದರೆ ಆಯಿತು' ಎನ್ನುತ್ತಾನೆ. ಇತಿಹಾಸ ಕಲಿಸಿದ ಮಾಸ್ತರನಿಗೆ ಇದರಲ್ಲೇನು ಕೆಲಸ ಎಂದು ಓದುಗರು ಕೇಳಬಹುದು. ಜನರು ಇಷ್ಟೊಂದು ಆವೇಶದಿಂದ ವಾದಿಸುವ ವಿಷಯಕ್ಕೆ ಒಂದು ಇತಿಹಾಸ ಇದ್ದೇ ಇರುತ್ತದೆ. ಈ ವಿಷಯಕ್ಕಂತೂ ಅದು ನಮ್ಮ ಊರಿನ ಮಗ್ಗದ ಸದ್ದಿಗೆ ಬಹಳ ಹತ್ತಿರದಲ್ಲಿದೆ.

ಬಂಧುಗಳಲ್ಲಿ ಈ ವೃತ್ತಿಯ ಪರಿಚಯವಿಲ್ಲದವರಿಗಾಗಿ ಮೊದಲು ಪದದ ಅರ್ಥ. ಐ.ಡಿ.ಇ. ಎಂದರೆ ಇಂಟಿಗ್ರೇಟೆಡ್ ಡೆವಲಪ್‌ಮೆಂಟ್ ಎನ್ವಿರಾನ್‌ಮೆಂಟ್. ಗಣಕಯಂತ್ರಕ್ಕೆ ಕ್ರಮವಿಧಿ ಬರೆಯುವವನಿಗೆ ಹಲವು ಕೆಲಸಗಳಿವೆ: ಸಾಲುಗಳನ್ನು ಬರೆಯಬೇಕು, ತಿದ್ದಬೇಕು, ಅವನ್ನು ಯಂತ್ರದ ಭಾಷೆಗೆ ಪರಿವರ್ತಿಸಬೇಕು, ಓಡಿಸಿ ನೋಡಬೇಕು, ತಪ್ಪು ಎಲ್ಲಿದೆ ಎಂದು ಹುಡುಕಬೇಕು. ಒಂದು ಕಾಲದಲ್ಲಿ ಇವುಗಳಲ್ಲಿ ಒಂದೊಂದಕ್ಕೂ ಒಂದೊಂದು ಬೇರೆ ಸಲಕರಣೆ ಇತ್ತು. ಅವನ್ನೆಲ್ಲ ಒಂದೇ ಕಿಟಕಿಯೊಳಗೆ ಕೂಡಿಸಿಟ್ಟ ತಂತ್ರಾಂಶವೇ ಐ.ಡಿ.ಇ. ಇದಕ್ಕೆ 'ಸಮಗ್ರ ಅಭಿವೃದ್ಧಿ ಪರಿಸರ' ಎಂಬ ಅನುವಾದವನ್ನು ಕಂಡಿದ್ದೇನೆ. ಕೇಳಿದರೆ ಅರಣ್ಯ ಇಲಾಖೆಯ ಯೋಜನೆಯೊಂದರ ಹೆಸರಿನಂತಿದೆ. ನನ್ನನ್ನು ಕೇಳಿದರೆ 'ಮಗ್ಗದ ಗುಂಡಿ' ಎನ್ನುತ್ತೇನೆ. ಗುಂಡಿಮಗ್ಗದಲ್ಲಿ ಕುಳಿತ ನೇಕಾರನನ್ನು ನೋಡಿದವರಿಗೆ ಅರ್ಥವಾದೀತು. ಕಾಲು ಗುಂಡಿಯೊಳಗಿನ ತುಳಿಗೋಲಿನ ಮೇಲೆ, ಒಂದು ಕೈ ಲಾಳಿ ಹಾರಿಸುವ ಹಗ್ಗದ ಮೇಲೆ, ಇನ್ನೊಂದು ಕೈ ಫಣಿಯ ಮೇಲೆ, ಕಣ್ಣು ಹಾಸಿನ ಮೇಲೆ. ಎದ್ದು ಹೋಗಿ ತರಬೇಕಾದ ವಸ್ತು ಒಂದೂ ಇಲ್ಲ. ಎಳೆ ಹರಿದರೆ ಕುಳಿತಲ್ಲೇ ಕಾಣಬೇಕು, ಕುಳಿತಲ್ಲೇ ಗಂಟು ಹಾಕಬೇಕು.

ಈ ಹೋಲಿಕೆ ಕೇವಲ ಅಲಂಕಾರವಲ್ಲ. ಗಣಕಯಂತ್ರದ ವಂಶವೃಕ್ಷದಲ್ಲಿ ಮಗ್ಗ ನಿಜವಾಗಿಯೂ ಒಬ್ಬ ಪೂರ್ವಜ. ಫ್ರಾನ್ಸ್ ದೇಶದ ಲಿಯಾನ್ ನಗರದ ರೇಷ್ಮೆ ನೇಕಾರರ ನಡುವೆ 1725ರಲ್ಲಿ ಬುಶೋನ್ ಎಂಬವನು ರಂಧ್ರ ಕೊರೆದ ಕಾಗದದ ಸುರುಳಿಯಿಂದ ಹಾಸಿನ ಎಳೆಗಳನ್ನು ಆಯ್ದು ಎತ್ತುವ ಉಪಾಯ ಮಾಡಿದ. ಅದನ್ನು ಮೂರು ವರ್ಷಗಳಲ್ಲಿ ಫಾಲ್ಕನ್ ಎಂಬವನು ರಟ್ಟಿನ ಹಲಗೆಗಳಿಗೆ ಬದಲಿಸಿದ. 1804ರ ಹೊತ್ತಿಗೆ ಜೋಸೆಫ್ ಮರಿ ಜಕಾರ್ಡ್ ಇವನ್ನೆಲ್ಲ ಕೂಡಿಸಿ ತನ್ನ ಹೆಸರಿನ ಯಂತ್ರವನ್ನು ಸಿದ್ಧಪಡಿಸಿದ. ರಟ್ಟಿನಲ್ಲಿ ರಂಧ್ರ ಇದ್ದಲ್ಲಿ ಕೊಕ್ಕೆ ಎಳೆಯನ್ನು ಎತ್ತುತ್ತದೆ, ಇಲ್ಲದಲ್ಲಿ ಬಿಡುತ್ತದೆ. ಒಂದು ರಟ್ಟು ಎಂದರೆ ಹೊಕ್ಕಿನ ಒಂದು ಸಾಲು. ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು, ಜಕಾರ್ಡ್ ಯಂತ್ರ ಒಂದು ಮಗ್ಗವಲ್ಲ. ಅದು ಮಗ್ಗದ ಮೇಲೆ ಕೂರಿಸುವ ಪೆಟ್ಟಿಗೆ. ಕೆಳಗಿರುವುದು ಕೈಮಗ್ಗವೂ ಆಗಬಹುದು, ವಿದ್ಯುತ್ ಮಗ್ಗವೂ ಆಗಬಹುದು. ಎರಡನೆಯದು, ಚಿತ್ತಾರ ಇರುವುದು ರಟ್ಟುಗಳಲ್ಲಿ, ಮಗ್ಗದಲ್ಲಲ್ಲ. ಕೊಕ್ಕೆಗಳ ಸಂಖ್ಯೆ ಮತ್ತು ಅಂತರ ಹೊಂದಿದರೆ ಅದೇ ರಟ್ಟಿನ ಮಾಲೆಯನ್ನು ಇನ್ನೊಂದು ಮಗ್ಗಕ್ಕೆ ಏರಿಸಿ ಅದೇ ಸೆರಗನ್ನು ನೇಯಬಹುದು. ಈ ಎರಡು ಸಂಗತಿಗಳಿಗೆ ಮುಂದೆ ಮತ್ತೆ ಬರಬೇಕಾಗುತ್ತದೆ.

ಲಂಡನ್ನಿನ ಚಾರ್ಲ್ಸ್ ಬ್ಯಾಬೇಜ್ 1830ರ ದಶಕದಲ್ಲಿ ತಾನು ಕಲ್ಪಿಸಿದ ಗಣನಯಂತ್ರಕ್ಕೆ ಆದೇಶ ಕೊಡಲು ಈ ನೇಕಾರರ ರಟ್ಟುಗಳನ್ನೇ ಆರಿಸಿಕೊಂಡ. 1843ರಲ್ಲಿ ಏಡಾ ಲವ್‌ಲೇಸ್ ಆ ಯಂತ್ರದ ಕುರಿತು ಬರೆದ ಟಿಪ್ಪಣಿಗಳಲ್ಲಿ ಜಕಾರ್ಡ್ ಮಗ್ಗದೊಡನೆ ಅದರ ಹೋಲಿಕೆಯನ್ನು ಎತ್ತಿ ಹೇಳಿದಳು. ಅಮೆರಿಕದ 1890ರ ಜನಗಣತಿಯನ್ನು ಹರ್ಮನ್ ಹೊಲೆರಿತ್ ರಂಧ್ರದ ಕಾರ್ಡುಗಳಲ್ಲಿ ಎಣಿಸಿದ. ಐ.ಬಿ.ಎಂ. ಸಂಸ್ಥೆ 1928ರಲ್ಲಿ 80 ಕಂಬಸಾಲಿನ ಕಾರ್ಡನ್ನು ತಂದಿತು. 1957ರಲ್ಲಿ ಬಂದ ಫೋರ್‌ಟ್ರಾನ್ ಭಾಷೆಯ ಕ್ರಮವಿಧಿಗಳನ್ನು ಈ ಕಾರ್ಡುಗಳ ಮೇಲೆ ಕೊರೆಯುತ್ತಿದ್ದರು. ನಮ್ಮ ದೇಶದಲ್ಲಿ ಕಾನಪುರದ ಐ.ಐ.ಟಿ.ಗೆ 1963ರಲ್ಲಿ ಐ.ಬಿ.ಎಂ. 1620 ಯಂತ್ರ ಬಂದಾಗ ನಮ್ಮವರೂ ಹಾಗೆಯೇ ಕಲಿತರು. ಕಾರ್ಡಿನ ಕಟ್ಟನ್ನು ಯಂತ್ರದ ಕೋಣೆಗೆ ಒಪ್ಪಿಸಿ, ಗಂಟೆಗಟ್ಟಲೆ, ಕೆಲವೊಮ್ಮೆ ಮರುದಿನದವರೆಗೆ ಕಾದು, ಮುದ್ರಿತ ಹಾಳೆ ಪಡೆದು, ಒಂದು ಅಲ್ಪವಿರಾಮ ತಪ್ಪಿದ್ದನ್ನು ಕಂಡು ಹಣೆ ಚಚ್ಚಿಕೊಳ್ಳುವ ಕಾಲವದು. ಕಟ್ಟು ಕೈಜಾರಿ ಬಿದ್ದರೆ ಕ್ರಮವಿಧಿಯ ಕ್ರಮವೇ ಕೆಟ್ಟುಹೋಗುತ್ತಿತ್ತು. ಅದಕ್ಕಾಗಿ 73ರಿಂದ 80ರವರೆಗಿನ ಕಂಬಗಳಲ್ಲಿ ಅನುಕ್ರಮ ಸಂಖ್ಯೆ ಬರೆದಿಡುತ್ತಿದ್ದರು. ನೇಕಾರರು ಇವರಿಗಿಂತ ಜಾಣರು ಎನ್ನಬೇಕು: ಜಕಾರ್ಡ್ ರಟ್ಟುಗಳನ್ನು ದಾರದಿಂದ ಪೋಣಿಸಿ ಮಾಲೆ ಮಾಡಿರುತ್ತಾರೆ, ಬಿದ್ದರೂ ಕ್ರಮ ತಪ್ಪುವುದಿಲ್ಲ. ಕಾರ್ಡು ಹೋಗಿ ದಶಕಗಳಾದರೂ ಅದರ 80 ಕಂಬಗಳು ಹೋಗಿಲ್ಲ. ಪೈಥಾನ್ ಭಾಷೆಯವರು 2001ರಲ್ಲಿ ಬರೆದುಕೊಂಡ ಶೈಲಿಯ ನಿಯಮದಲ್ಲಿಯೂ ಒಂದು ಸಾಲು 79 ಅಕ್ಷರ ಮೀರಬಾರದು ಎಂದಿದೆ.

ಮುಂದಿನದನ್ನು ಬೇಗ ದಾಟುತ್ತೇನೆ. 1964ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಕೆಮೆನಿ ಮತ್ತು ಕರ್ಟ್ಜ್ ಎಂಬ ಇಬ್ಬರು ಅಧ್ಯಾಪಕರು, ವಿದ್ಯಾರ್ಥಿಯು ಬೆರಳಚ್ಚು ಯಂತ್ರದಂತಹ ಸಲಕರಣೆಯ ಮುಂದೆ ಕುಳಿತು, ಬರೆದು, ಓಡಿಸಿ, ಅಲ್ಲಿಯೇ ಉತ್ತರ ಪಡೆಯುವಂತೆ ಬೇಸಿಕ್ ಭಾಷೆಯನ್ನು ರೂಪಿಸಿದರು. ಇದನ್ನು ಮಾಡಿದವರು ಗಣಿತದ ಮೇಷ್ಟ್ರುಗಳು, ಯಂತ್ರ ಮಾರುವ ಸಂಸ್ಥೆಯವರಲ್ಲ ಎಂಬುದು ನನಗೆ ಹೆಮ್ಮೆಯ ವಿಷಯ. 1975ರಲ್ಲಿ ಜರ್ಮನಿಯ ಮ್ಯೂನಿಕ್ ನಗರದ ಸಾಫ್ಟ್‌ಲ್ಯಾಬ್ ಸಂಸ್ಥೆಯ ಮೆಸ್ಟ್ರೋ ಎಂಬ ವ್ಯವಸ್ಥೆ ಬಂದಿತು, ಐ.ಡಿ.ಇ.ಗಳಲ್ಲಿ ಮೊದಲನೆಯದೆಂದು ಅದನ್ನೇ ಹಲವರು ಹೆಸರಿಸುತ್ತಾರೆ. ಆದರೆ ಯುನಿಕ್ಸ್ ಪರಂಪರೆಯವರು ಬೇರೆ ದಾರಿ ಹಿಡಿದರು. ಬರೆಯಲು 1976ರ ವಿ.ಐ. ಅಥವಾ ಈಮ್ಯಾಕ್ಸ್, ಕಟ್ಟಲು ಅದೇ ವರ್ಷದ ಮೇಕ್, ತಪ್ಪು ಹುಡುಕಲು ಇನ್ನೊಂದು. ಪ್ರತಿಯೊಂದೂ ಬೇರೆ ಬೇರೆ, ಬೇಕಾದವನು ಬೇಕಾದಂತೆ ಜೋಡಿಸಿಕೊಳ್ಳಲಿ ಎಂಬುದು ಅವರ ನಿಲುವು. ಇಂದು ಊರಿಗೆ ಬಂದ ಹುಡುಗರು ಕಟ್ಟೆಯ ಮೇಲೆ ಮಾಡುವ ವಾದದ ಎರಡು ಪಕ್ಷಗಳೂ 1976ರ ಹೊತ್ತಿಗೇ ಸಿದ್ಧವಾಗಿದ್ದವು.

ಸಾಮಾನ್ಯನ ಕೈಗೆ ಐ.ಡಿ.ಇ. ಬಂದದ್ದು 1983ರ ನವೆಂಬರಿನಲ್ಲಿ. ಬೋರ್ಲ್ಯಾಂಡ್ ಎಂಬ ಸಣ್ಣ ಸಂಸ್ಥೆ ಟರ್ಬೊ ಪಾಸ್ಕಲ್ ಎಂಬ ತಂತ್ರಾಂಶವನ್ನು 49.95 ಡಾಲರಿಗೆ ಮಾರಿತು. ಅಂದು ಇಂತಹ ಸಾಧನಗಳಿಗೆ ನೂರಾರು ಡಾಲರು ಬೆಲೆ ಇತ್ತು. ಇದರ ಹೃದಯಭಾಗವನ್ನು ಬರೆದವನು ಡೆನ್ಮಾರ್ಕಿನ ಆ್ಯಂಡರ್ಸ್ ಹೆಲ್ಸ್‌ಬರ್ಗ್. ಮುಂದೆ ಮೈಕ್ರೋಸಾಫ್ಟ್ ಸೇರಿ ಸಿ-ಶಾರ್ಪ್ ಮತ್ತು ಟೈಪ್‌ಸ್ಕ್ರಿಪ್ಟ್ ಭಾಷೆಗಳನ್ನು ರೂಪಿಸಿದವನೂ ಅವನೇ. ಬರೆಯುವುದು, ಪರಿವರ್ತಿಸುವುದು, ಓಡಿಸುವುದು ಎಲ್ಲ ಒಂದೇ ಪರದೆಯಲ್ಲಿ, ಕಣ್ಣು ಮಿಟುಕಿಸುವಷ್ಟರಲ್ಲಿ. ಅದರ ಪರವಾನಗಿಯಲ್ಲಿದ್ದ ಮಾತು ಮಾಸ್ತರರಿಗೆ ಮೆಚ್ಚುಗೆಯಾಗುವಂಥದು: ಇದನ್ನು ಒಂದು ಪುಸ್ತಕದಂತೆ ಭಾವಿಸಿರಿ, ಯಾರಿಗಾದರೂ ಕೊಡಬಹುದು, ಆದರೆ ಒಂದು ಹೊತ್ತಿಗೆ ಒಬ್ಬರೇ ಬಳಸತಕ್ಕದ್ದು ಎಂಬ ಅರ್ಥದ ಷರತ್ತು ಅದು. 1987ರಲ್ಲಿ ಟರ್ಬೊ ಸಿ, 1990ರಲ್ಲಿ ಟರ್ಬೊ ಸಿ ಪ್ಲಸ್ ಪ್ಲಸ್ ಬಂದವು.

ನಮ್ಮ ಭಾಗದ ಓದುಗರಿಗೆ ಇಲ್ಲಿಂದ ಮುಂದಿನದು ಸ್ವಂತ ಅನುಭವ. 1990ರ ದಶಕದ ಉತ್ತರಾರ್ಧದಿಂದ ಜಮಖಂಡಿಯಲ್ಲಿಯೂ ಮುಧೋಳದಲ್ಲಿಯೂ ಗಣಕ ತರಬೇತಿ ಕೇಂದ್ರಗಳ ಫಲಕಗಳು ಕಾಣತೊಡಗಿದವು. ಕಾಲೇಜುಗಳಲ್ಲಿ ಪ್ರಯೋಗಾಲಯಗಳಾದವು. ಬಾಗಿಲ ಹೊರಗೆ ಪಾದರಕ್ಷೆ ಬಿಟ್ಟು, ಗುಡಿಯೊಳಗೆ ಹೋದಂತೆ ಹೋಗಬೇಕಾಗಿದ್ದ ಕೋಣೆಗಳವು. ಒಳಗೆ ಕುಳಿತರೆ ಕಾಣುವುದು ನೀಲಿ ಪರದೆ, ಅದರ ಮೇಲೆ ಹಳದಿ ಅಕ್ಷರ. ಕಂಟ್ರೋಲ್ ಮತ್ತು ಎಫ್-9 ಒತ್ತಿದರೆ ಓಡುತ್ತದೆ, ಆಲ್ಟ್ ಮತ್ತು ಎಫ್-5 ಒತ್ತಿದರೆ ಉತ್ತರ ಕಾಣುತ್ತದೆ. ಮೊದಲ ಸಾಲಿನಲ್ಲಿ ಪರದೆ ಒರೆಸುವ ಆದೇಶ, ಕೊನೆಯ ಸಾಲಿನಲ್ಲಿ ಉತ್ತರ ಮಾಯವಾಗದಂತೆ ತಡೆಯುವ 'ಗೆಟ್-ಸಿ-ಎಚ್'. ಈ ಎರಡನ್ನೂ ನಮ್ಮ ಮಕ್ಕಳು ಶ್ರೀಕಾರ ಹಾಗೂ ಮಂಗಳದಂತೆ ತಪ್ಪದೆ ಬರೆಯುತ್ತಿದ್ದರು. ನಾಗಪುರದ ಯಶವಂತ ಕಾನೇಟ್ಕರ್ ಅವರ 'ಲೆಟ್ ಅಸ್ ಸಿ' ಕೈಯಿಂದ ಕೈಗೆ ಹೋಗಿ ರಟ್ಟು ಕಿತ್ತುಬಂದಿರುತ್ತಿತ್ತು.

ಟರ್ಬೊ ಸಿ ಕೆಟ್ಟ ಸಲಕರಣೆಯಾಗಿರಲಿಲ್ಲ. ತನ್ನ ಕಾಲದಲ್ಲಿ ಅದು ಅತ್ಯುತ್ತಮವಾದುದು, ಮತ್ತು ನಮ್ಮ ಊರುಗಳಿಗೆ ಒಗ್ಗುವಂಥದೂ ಆಗಿತ್ತು. ಕೆಲವೇ ಫ್ಲಾಪಿಗಳಲ್ಲಿ ಹಿಡಿಯುತ್ತಿತ್ತು, ಹಳೆಯ ಯಂತ್ರದಲ್ಲಿಯೂ ಓಡುತ್ತಿತ್ತು, ಅಂತರಜಾಲ ಬೇಕಿರಲಿಲ್ಲ, ದಿನಕ್ಕೆ ನಾಲ್ಕು ಸಲ ವಿದ್ಯುತ್ ಹೋದರೂ ಡಾಸ್ ಯಂತ್ರ ಮತ್ತೆ ಕ್ಷಣದಲ್ಲಿ ಎದ್ದು ನಿಲ್ಲುತ್ತಿತ್ತು. ತೊಂದರೆ ಬೇರೆಡೆ ಇತ್ತು. ಸಿ ಪ್ಲಸ್ ಪ್ಲಸ್ ಭಾಷೆಗೆ ಅಂತರರಾಷ್ಟ್ರೀಯ ಮಾನಕ ಬಂದದ್ದು 1998ರಲ್ಲಿ. ನಮ್ಮ ಪ್ರಯೋಗಾಲಯಗಳ ಟರ್ಬೊ ಅದಕ್ಕಿಂತ ಹಿಂದಿನದು. ಆದ್ದರಿಂದ 2010ರಲ್ಲಿ ಅದರ ಮುಂದೆ ಕುಳಿತ ಹುಡುಗ ಕಲಿಯುತ್ತಿದ್ದದ್ದು ಜಗತ್ತು ಹನ್ನೆರಡು ವರ್ಷಗಳ ಹಿಂದೆಯೇ ಬಿಟ್ಟುಬಂದ ಕಾಗುಣಿತವನ್ನು. ಅವನು ಕಲಿತ 'ಐಒಸ್ಟ್ರೀಮ್.ಎಚ್' ಮಾನಕದಲ್ಲಿ ಇಲ್ಲ, 'ಕೊನಿಯೊ.ಎಚ್' ಎಂದೂ ಮಾನಕದ ಭಾಗವಾಗಿರಲಿಲ್ಲ. 'ವಾಯ್ಡ್ ಮೇನ್' ಎಂದು ಬರೆಯುವುದನ್ನು ಮಾನಕ ಒಪ್ಪುವುದಿಲ್ಲ.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಇದೆ. ಪ್ರತಿ ವಿದ್ಯಾರ್ಥಿಯೂ ಬರೆಯುವ ಕ್ರಮವಿಧಿ ಎಂದರೆ ಕ್ರಮಗುಣಿತ, ಅಂದರೆ ಫ್ಯಾಕ್ಟೋರಿಯಲ್. 7ರ ಕ್ರಮಗುಣಿತ 5040. ಟರ್ಬೊ ಸರಿಯಾಗಿ ಹೇಳುತ್ತದೆ. 8ರದು 40320 ಆಗಬೇಕು. ಆದರೆ ನೀಲಿ ಪರದೆಯಲ್ಲಿ ಬರುವ ಉತ್ತರ ಋಣ 25216! ಕಾರಣ ಸರಳ: ಟರ್ಬೊದಲ್ಲಿ ಪೂರ್ಣಾಂಕದ ಪಾತ್ರೆ 16 ಬಿಟ್ಟಿನದು, ಅದರಲ್ಲಿ ಹಿಡಿಯುವ ಗರಿಷ್ಠ ಸಂಖ್ಯೆ 32767. ಮೀರಿದರೆ 65536 ಕಳೆದು ಋಣಸಂಖ್ಯೆಯಾಗಿ ತಿರುಗುತ್ತದೆ. ಇಂದಿನ ಸಾಮಾನ್ಯ ಯಂತ್ರಗಳಲ್ಲಿ ಆ ಪಾತ್ರೆ 32 ಬಿಟ್ಟಿನದು. 12ರವರೆಗೆ ತೊಂದರೆಯಿಲ್ಲ, 13ಕ್ಕೆ ತುಳುಕುತ್ತದೆ. ಒಳ್ಳೆಯ ಅಧ್ಯಾಪಕರ ಕೈಗೆ ಸಿಕ್ಕ ಹುಡುಗರಿಗೆ ಈ ಋಣ 25216 ಒಂದು ಅಮೂಲ್ಯ ಪಾಠವಾಯಿತು. ಉಳಿದವರು 'ಎಂಟಕ್ಕೆ ಹಾಗೆಯೇ ಬರುತ್ತದೆ, ಏಳಕ್ಕೆ ನಿಲ್ಲಿಸು' ಎಂದು ಪ್ರಯೋಗ ಪುಸ್ತಕದಲ್ಲಿ ಏಳರ ಉತ್ತರ ಬರೆದು ಸಹಿ ಪಡೆದರು.

ಇದರ ಬೆಲೆ ತೆತ್ತವರು ಯಾರು? ಬೆಂಗಳೂರಿನಲ್ಲಿ ಹುಟ್ಟಿ, ಮನೆಯಲ್ಲಿ ಯಂತ್ರವಿದ್ದು, ಅಣ್ಣಂದಿರು ಉದ್ಯೋಗದಲ್ಲಿದ್ದ ಮಕ್ಕಳಿಗೆ ಹೊಸ ಸಲಕರಣೆಗಳ ಪರಿಚಯ ಬೇರೆ ದಾರಿಯಿಂದ ಆಗುತ್ತಿತ್ತು. ಬೀಳಗಿಯ ಹಳ್ಳಿಯಿಂದ ಹೋದವನಿಗೆ ಕಾಲೇಜಿನ ಯಂತ್ರವೇ ಇಡೀ ಜಗತ್ತು. ಇಂಥ ಒಬ್ಬ ಹುಡುಗ ಮೊದಲ ಸಂದರ್ಶನದಲ್ಲಿ ಲಿನಕ್ಸ್ ಯಂತ್ರದ ಮುಂದೆ ಕುಳಿತು, ಅಭ್ಯಾಸಬಲದಿಂದ ಮೊದಲ ಎರಡು ಸಾಲು ಬರೆದ. ಎರಡು ಸಾಲಿಗೂ ದೋಷ ಬಂತು. ಯಂತ್ರವೇ ಕೆಟ್ಟಿದೆ ಎಂದು ತಿಳಿದು ಅವನು ಕೈಕಟ್ಟಿ ಕುಳಿತನಂತೆ. ತರ್ಕದಲ್ಲಿ ಅವನು ಯಾರಿಗೂ ಕಡಿಮೆಯಿರಲಿಲ್ಲ. ಮುಂದೆ ಅದೇ ವೃತ್ತಿಯಲ್ಲಿ ಮೇಲೆ ಬಂದ. ಆದರೆ ಆ ದಿನ ಅವನು ಊರಿಗೆ ಬರಿಗೈಯಲ್ಲಿ ಮರಳಿದ. ಸ್ವಾರಸ್ಯವೆಂದರೆ, 2000ದ ದಶಕದಲ್ಲಿ ಬೋರ್ಲ್ಯಾಂಡ್ ಸಂಸ್ಥೆಯೇ ತನ್ನ ಟರ್ಬೊ ಸಿ ಹಾಗೂ ಟರ್ಬೊ ಸಿ ಪ್ಲಸ್ ಪ್ಲಸ್‌ನ ಹಳೆಯ ಆವೃತ್ತಿಗಳನ್ನು 'ಪುರಾತನ ತಂತ್ರಾಂಶ' ಎಂಬ ಹೆಸರಿನಡಿ ವಸ್ತುಸಂಗ್ರಹಾಲಯದ ಪದಾರ್ಥದಂತೆ ಉಚಿತವಾಗಿ ಕೊಟ್ಟಿತು. 64 ಬಿಟ್ಟಿನ ವಿಂಡೋಸ್ ಬಂದು ಈ 16 ಬಿಟ್ಟಿನ ತಂತ್ರಾಂಶ ನೇರವಾಗಿ ಓಡುವುದೇ ನಿಂತಾಗ, ನಮ್ಮ ಪ್ರಯೋಗಾಲಯಗಳು ಅದನ್ನು ಬಿಡಲಿಲ್ಲ. ಡಾಸ್‌ಬಾಕ್ಸ್ ಎಂಬ ಕೃತಕ ಡಾಸ್ ಯಂತ್ರದೊಳಗೆ ಅದನ್ನು ಇಟ್ಟು ಪೂಜೆ ಮುಂದುವರಿಸಿದವು. ಉಚಿತವಾದ ಡೆವ್-ಸಿ ಪ್ಲಸ್ ಪ್ಲಸ್, ಕೋಡ್ ಬ್ಲಾಕ್ಸ್ ಆ ಹೊತ್ತಿಗೆ ಇದ್ದವು. ಹಣದ ಕೊರತೆ ಇದಕ್ಕೆ ಕಾರಣವಲ್ಲ. ಪ್ರಯೋಗ ಕೈಪಿಡಿ, ಪ್ರಶ್ನೆಪತ್ರಿಕೆ, ಪರೀಕ್ಷಕರ ಕಣ್ಣು, ಸಹಾಯಕರ ಬೆರಳು ಎಲ್ಲವೂ ಟರ್ಬೊಗೆ ಹೊಂದಿಕೊಂಡಿದ್ದವು. ಒಂದನ್ನು ಬದಲಿಸಿದರೆ ಎಲ್ಲವನ್ನೂ ಬದಲಿಸಬೇಕು. ಆ ಮೊದಲ ಹೆಜ್ಜೆ ಇಡಬೇಕಾದವರು ಯಾರು ಎಂಬುದು ಯಾರಿಗೂ ಸ್ಪಷ್ಟವಿರಲಿಲ್ಲ.

ಬೇರೆ ರೀತಿಯೂ ಸಾಧ್ಯವಿತ್ತು ಎಂಬುದಕ್ಕೆ ದೂರ ಹೋಗಬೇಕಿಲ್ಲ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕೇರಳ ಸರಕಾರದ ಶಾಲೆಗಳಲ್ಲಿ ಓದುತ್ತಾರೆ. ಅಲ್ಲಿ 2001ರಲ್ಲಿ 'ಐಟಿ ಅಟ್ ಸ್ಕೂಲ್' ಎಂಬ ಯೋಜನೆ ಆರಂಭವಾಗಿ, ಕೆಲವು ವರ್ಷಗಳಲ್ಲಿ ಶಾಲೆಗಳ ಯಂತ್ರಗಳೆಲ್ಲ ಗ್ನೂ-ಲಿನಕ್ಸ್‌ಗೆ ಬದಲಾದವು. 2017ರಲ್ಲಿ ಯೋಜನೆಯ ಹೆಸರು 'ಕೈಟ್' ಎಂದಾಯಿತು. ಪಠ್ಯ, ತಂತ್ರಾಂಶ, ಶಿಕ್ಷಕರ ತರಬೇತಿ ಮೂರನ್ನೂ ಒಟ್ಟಿಗೆ ಹೊರಳಿಸಿದರು. ಅಲ್ಲಿಯ ಪ್ರೌಢಶಾಲೆಯ ಮಕ್ಕಳು ಪೈಥಾನ್ ಕಲಿತದ್ದು ಹೀಗೆ. ಎಲ್ಲ ಶಿಕ್ಷಕರನ್ನೂ ಒಂದು ತಂಡವೆಂದು ಭಾವಿಸಿ, ತಂಡಕ್ಕೊಂದು ಸಲಕರಣೆಯನ್ನು ಬಹಿರಂಗವಾಗಿ ಆರಿಸಿದರು ಎಂಬುದು ಇದರ ವಿಶೇಷ. ನಮ್ಮಲ್ಲಿ ಟರ್ಬೊವನ್ನು ಯಾರೂ ಆರಿಸಲಿಲ್ಲ. ಅದು ಉಳಿದುಕೊಂಡಿತು, ಅಷ್ಟೆ.

ಇನ್ನು ವೃತ್ತಿಯ ತಂಡಗಳ ಕಡೆ ಬರೋಣ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆ ಬೆಂಗಳೂರಿಗೆ ಬಂದ ಮೇಲೆ ಅಲ್ಲಿ ತಂತ್ರಾಂಶದ ತಂಡಗಳು ಬೆಳೆಯತೊಡಗಿದವು. 2000ದ ಆಸುಪಾಸಿನಲ್ಲಿ ಜಾವಾ ಭಾಷೆಯ ಕೆಲಸ ಹೆಚ್ಚಿದಂತೆ ಮೂರು ಐ.ಡಿ.ಇ.ಗಳು ಪೈಪೋಟಿಗೆ ನಿಂತವು. ಒಂದು ನೆಟ್‌ಬೀನ್ಸ್, 1996ರಲ್ಲಿ ಪ್ರಾಗ್ ನಗರದ ಚಾರ್ಲ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಯೋಜನೆಯಾಗಿ ಹುಟ್ಟಿದ್ದು. ಎರಡನೆಯದು ಅದೇ ಪ್ರಾಗ್ ನಗರದ ಜೆಟ್‌ಬ್ರೈನ್ಸ್ ಸಂಸ್ಥೆ 2001ರಲ್ಲಿ ಹೊರತಂದ ಇಂಟೆಲಿಜೆ. ಮೂರನೆಯದು ಎಕ್ಲಿಪ್ಸ್, ಐ.ಬಿ.ಎಂ. ಸಂಸ್ಥೆ ಇದನ್ನು 2001ರ ನವೆಂಬರಿನಲ್ಲಿ ಮುಕ್ತವಾಗಿ ಬಿಟ್ಟುಕೊಟ್ಟಿತು, 2004ರಲ್ಲಿ ಅದಕ್ಕೊಂದು ಸ್ವತಂತ್ರ ಪ್ರತಿಷ್ಠಾನವೂ ಆಯಿತು. ದುಡ್ಡಿಲ್ಲದೆ ಸಿಗುವ ಎಕ್ಲಿಪ್ಸ್ ಬಹುಪಾಲು ತಂಡಗಳಲ್ಲಿ ತಳವೂರಿತು. ಸಲಕರಣೆ ಪುಕ್ಕಟೆ ಸಿಕ್ಕರೂ ಅದನ್ನು ಬಿಡುವ ಖರ್ಚು ಪುಕ್ಕಟೆಯಲ್ಲ ಎಂಬುದು ಆಮೇಲೆ ತಿಳಿಯಿತು. ಆಂಡ್ರಾಯ್ಡ್ ದೂರವಾಣಿಗಳಿಗೆ ತಂತ್ರಾಂಶ ಬರೆಯುವವರಿಗೆ ಮೊದಲು ಗೂಗಲ್ ಕೊಟ್ಟಿದ್ದು ಎಕ್ಲಿಪ್ಸಿಗೆ ಅಂಟಿಸುವ ಒಂದು ಜೋಡಣೆ. 2013ರಲ್ಲಿ ಗೂಗಲ್ ಇಂಟೆಲಿಜೆಯ ಆಧಾರದ ಮೇಲೆ ಆಂಡ್ರಾಯ್ಡ್ ಸ್ಟುಡಿಯೋ ಪ್ರಕಟಿಸಿತು. 2014ರ ಡಿಸೆಂಬರಿನಲ್ಲಿ ಅದರ ಮೊದಲ ಪೂರ್ಣ ಆವೃತ್ತಿ ಬಂತು. ಮರುವರ್ಷವೇ ಎಕ್ಲಿಪ್ಸಿನ ಜೋಡಣೆಗೆ ಬೆಂಬಲ ನಿಲ್ಲಿಸುವುದಾಗಿ ಹೇಳಿತು. ಹೊಸದರಲ್ಲಿ ಕಟ್ಟುವ ಕ್ರಮವೇ ಬೇರೆ, ಗ್ರೇಡಲ್ ಎಂಬುದು. ಕ್ರಮವಿಧಿಯನ್ನು ಕಟ್ಟುವ ಬಗೆಯೆಲ್ಲ ಎಕ್ಲಿಪ್ಸಿನ ಗುಂಡಿಗಳೊಳಗೆ ಅಡಗಿ ಕುಳಿತಿದ್ದ ತಂಡಗಳು ಪಟ್ಟ ಪಾಡನ್ನು ನನ್ನ ಶಿಷ್ಯೆಯೊಬ್ಬಳು ವಿವರಿಸಿದ್ದಾಳೆ: ಯಾವ ಗುಂಡಿ ಒತ್ತಬೇಕು ಎಂಬುದು ಎಲ್ಲರಿಗೂ ಗೊತ್ತಿತ್ತು, ಒತ್ತಿದಾಗ ಒಳಗೆ ಏನಾಗುತ್ತದೆ ಎಂಬುದು ಯಾರಿಗೂ ಗೊತ್ತಿರಲಿಲ್ಲ.

ಹಣ ಕೊಟ್ಟು ಕೊಂಡವರಿಗೂ ನೆಮ್ಮದಿಯೇನಿರಲಿಲ್ಲ. 2015ರಲ್ಲಿ ಜೆಟ್‌ಬ್ರೈನ್ಸ್ ತನ್ನ ಐ.ಡಿ.ಇ.ಗಳನ್ನು ಇನ್ನು ಮುಂದೆ ಚಂದಾ ಕ್ರಮದಲ್ಲಿ ಮಾತ್ರ ಕೊಡುವುದಾಗಿ ಸಾರಿತು. ಚಂದಾ ನಿಂತರೆ ಸಲಕರಣೆಯೂ ನಿಲ್ಲುತ್ತದೆಯೇ ಎಂದು ಬಳಕೆದಾರರು ಗದ್ದಲವೆಬ್ಬಿಸಿದರು. ಸಂಸ್ಥೆ ಅದೇ ತಿಂಗಳು ಮಣಿದು, ವರ್ಷದ ಚಂದಾ ಕೊಟ್ಟವರಿಗೆ ಒಂದು ಆವೃತ್ತಿ ಶಾಶ್ವತವಾಗಿ ಉಳಿಯುವಂತೆ ನಿಯಮ ತಿದ್ದಿತು. ಬನಹಟ್ಟಿಯ ಓದುಗರಿಗೆ ಈ ಪ್ರಶ್ನೆ ಹೊಸದಲ್ಲ. ಮಗ್ಗ ಯಾರದು, ನೂಲು ಯಾರದು, ಕೂಲಿ ನಿಂತ ದಿನ ಮನೆಯಲ್ಲಿ ಏನು ಉಳಿಯುತ್ತದೆ ಎಂಬ ಪ್ರಶ್ನೆಯನ್ನು ಮಾಲೀಕರಿಂದ ನೂಲು ಪಡೆದು ನೇಯುವ ನೇಕಾರರು ತಲೆಮಾರುಗಳಿಂದ ಕೇಳುತ್ತ ಬಂದಿದ್ದಾರೆ. ಉಚಿತವೂ ಮುಕ್ತವೂ ಆದ ಸಲಕರಣೆಯೂ ಕಣ್ಮರೆಯಾಗಬಹುದು: ಗಿಟ್‌ಹಬ್ ಸಂಸ್ಥೆಯ ಆಟಮ್ ಎಂಬ ಸಂಪಾದಕ ಬಹಳ ಜನಪ್ರಿಯವಾಗಿತ್ತು, 2022ರ ಡಿಸೆಂಬರಿನಲ್ಲಿ ಅದನ್ನು ಮುಚ್ಚಿದರು.

ಇಷ್ಟು ಕಂಡ ಮೇಲೆ ಜಕಾರ್ಡ್‌ನ ಪೆಟ್ಟಿಗೆಗೆ ಮರಳಬಹುದು. ಚಿತ್ತಾರ ಮಗ್ಗದಲ್ಲಿಲ್ಲ, ರಟ್ಟಿನಲ್ಲಿದೆ ಎಂದೆನಷ್ಟೆ. ತಂತ್ರಾಂಶದ ತಂಡಗಳು ಈ ಅರಿವಿಗೆ ನಿಧಾನವಾಗಿ ಬಂದವು. ಕ್ರಮವಿಧಿಯನ್ನು ಕಟ್ಟುವ ವಿಧಾನವನ್ನು ಐ.ಡಿ.ಇ.ಯ ಹೊಟ್ಟೆಯೊಳಗೆ ಇಡದೆ, ಮೇಕ್, ಮೇವನ್, ಗ್ರೇಡಲ್‌ಗಳಂತಹ ಪ್ರತ್ಯೇಕ ಕಡತಗಳಲ್ಲಿ ಬರೆದಿಡುವುದು ರೂಢಿಗೆ ಬಂತು. ಸಾಲಿನ ಅಂಚನ್ನು ಟ್ಯಾಬಿನಿಂದ ಬಿಡಬೇಕೋ ಖಾಲಿ ಅಕ್ಷರಗಳಿಂದ ಬಿಡಬೇಕೋ ಎಂಬ ಜಗಳ ಈ ವೃತ್ತಿಯ ತೆಂಕಲೈ-ವಡಗಲೈ ಜಗಳ. ಗೂಗಲ್‌ನವರು 2009ರಲ್ಲಿ ಗೋ ಭಾಷೆ ತಂದಾಗ ಅದರ ಜೊತೆಗೇ ಒಂದು ಸಣ್ಣ ಸಾಧನ ಕೊಟ್ಟು, ಯಾರು ಹೇಗೆ ಬರೆದರೂ ಅದೇ ಒಂದೇ ರೂಪಕ್ಕೆ ತರುವಂತೆ ಮಾಡಿ ಜಗಳವನ್ನೇ ಕೊನೆಗೊಳಿಸಿದರು. 2015ರಲ್ಲಿ ಮೈಕ್ರೋಸಾಫ್ಟ್ ವಿ.ಎಸ್. ಕೋಡ್ ಹೊರತಂದಿತು. ಅದನ್ನು ರೂಪಿಸಿದ ತಂಡದ ಮುಖ್ಯಸ್ಥ ಎರಿಕ್ ಗ್ಯಾಮಾ ಹಿಂದೆ ಎಕ್ಲಿಪ್ಸ್ ಕಟ್ಟಿದವರಲ್ಲಿ ಒಬ್ಬ. ಮರುವರ್ಷ, 2016ರಲ್ಲಿ, ಆ ಸಂಸ್ಥೆ ಇತರರೊಡನೆ ಕೂಡಿ ಒಂದು ಒಡಂಬಡಿಕೆಯನ್ನು ಪ್ರಕಟಿಸಿತು. ಅದರ ಹೆಸರು ಲ್ಯಾಂಗ್ವೇಜ್ ಸರ್ವರ್ ಪ್ರೋಟೋಕಾಲ್. ಹತ್ತು ಸಂಪಾದಕಗಳಿಗೆ ಇಪ್ಪತ್ತು ಭಾಷೆಗಳನ್ನು ಕಲಿಸಲು ಮೊದಲು ಇನ್ನೂರು ಜೋಡಣೆಗಳು ಬೇಕಾಗುತ್ತಿದ್ದವು. ಈಗ ಪ್ರತಿ ಭಾಷೆಗೆ ಒಂದು ಪರಿಚಾರಕ, ಪ್ರತಿ ಸಂಪಾದಕಕ್ಕೆ ಒಂದು ಕಿವಿ. ಒಟ್ಟು ಮೂವತ್ತು ಸಾಕು. ಯಾವ ಮಗ್ಗದ ಮೇಲಾದರೂ ಕೂರಿಸಬಹುದಾದ ಪೆಟ್ಟಿಗೆ ಮತ್ತೆ ಬಂತು, ಲಿಯಾನಿನ ನೇಕಾರರಿಗಿಂತ ಇನ್ನೂರು ವರ್ಷ ತಡವಾಗಿ. ವಿಮ್ ಹಿಡಿದವನಿಗೂ ಈಮ್ಯಾಕ್ಸ್ ಹಿಡಿದವನಿಗೂ ಇದರಿಂದ ಐ.ಡಿ.ಇ.ಯ ಸೌಕರ್ಯಗಳು ಸಿಕ್ಕವು.

ಹಾಗಾದರೆ ತಂಡದ ಎಲ್ಲರೂ ಒಂದೇ ಐ.ಡಿ.ಇ. ಬಳಸಬೇಕೆ? ನನ್ನನ್ನು ಕೇಳುವವರಿಗೆ ನಾನು ನಮ್ಮ ಭಾಗದ ಇನ್ನೊಂದು ಇತಿಹಾಸವನ್ನು ನೆನಪಿಸುತ್ತೇನೆ. ಜಮಖಂಡಿ ಪಟವರ್ಧನರದು, ಮುಧೋಳ ಘೋರ್ಪಡೆಯವರದು. ಎರಡೂ ಪ್ರತ್ಯೇಕ ಸಂಸ್ಥಾನಗಳಾಗಿದ್ದು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. 1957ರ ಏಪ್ರಿಲ್ 1ರಂದು ದಶಮಾಂಶದ ನಾಣ್ಯ ಬಂತು, ಆಮೇಲಿನ ಕೆಲವೇ ವರ್ಷಗಳಲ್ಲಿ ಸೇರು-ತೊಲೆಗಳ ಬದಲು ಕಿಲೋ-ಗ್ರಾಂ ಬಂದವು. ಕಿಲೋದಲ್ಲಿ ತೂಗಿದ ಬೆಲ್ಲ ಸೇರಿನಲ್ಲಿ ತೂಗಿದ್ದಕ್ಕಿಂತ ಸಿಹಿ ಎಂದು ಯಾರೂ ಹೇಳಲಿಲ್ಲ. ಮುಧೋಳದ ಪೇಟೆಯಲ್ಲಿ ತೂಗಿದ್ದು ಬಾಗಲಕೋಟೆಯ ಪೇಟೆಯಲ್ಲಿಯೂ ಅಷ್ಟೇ ಆಗಬೇಕು, ಅದಷ್ಟೇ ಬೇಕಾಗಿತ್ತು. ತಕ್ಕಡಿ ಹಿತ್ತಾಳೆಯದೋ ಕಬ್ಬಿಣದ್ದೋ ಎಂಬುದನ್ನು ಕಾನೂನು ವ್ಯಾಪಾರಿಗೆ ಬಿಟ್ಟಿತು. ತಂಡದಲ್ಲಿಯೂ ಕಟ್ಟುವ ಕ್ರಮ, ಸಾಲಿನ ರೂಪ, ಪರೀಕ್ಷಿಸುವ ವಿಧಾನ ಒಂದೇ ಇರಬೇಕು, ಅವು ಬರವಣಿಗೆಯಲ್ಲಿರಬೇಕು, ಐ.ಡಿ.ಇ. ಇಲ್ಲದೆಯೂ ಓಡಬೇಕು ಎಂಬುದು ನನ್ನ ಅಭಿಪ್ರಾಯ. ಅನುಭವಿಗಳಿಗೆ ತಕ್ಕಡಿಯ ಆಯ್ಕೆ ಬಿಡಬಹುದು. ಆದರೆ ಕಾಲೇಜಿನಿಂದ ನೇರವಾಗಿ ಬಂದವನಿಗೆ 'ನಿನ್ನಿಷ್ಟ' ಎನ್ನುವುದು ಔದಾರ್ಯದಂತೆ ಕಂಡರೂ ಅನ್ಯಾಯವೇ. ಮೊದಲ ತಿಂಗಳು ಅವನ ಪಕ್ಕದಲ್ಲಿ ಕುಳಿ‌ತವನ ಪರದೆಯೂ ಅವನ ಪರದೆಯೂ ಒಂದೇ ಇರಬೇಕು. ನಮ್ಮ ಊರಿನಲ್ಲಿ ಹೊಸ ಮಗ್ಗ ಕೊಳ್ಳುವವರು ಮೊದಲು ವಿಚಾರಿಸುವುದು ಅದರ ವೇಗವನ್ನಲ್ಲ. ಬಿಡಿಭಾಗ ಎಲ್ಲಿ ಸಿಗುತ್ತದೆ, ಕೆಟ್ಟರೆ ಓಣಿಯಲ್ಲಿ ಬಲ್ಲವರು ಯಾರಿದ್ದಾರೆ ಎಂಬುದನ್ನು.

ಇಂದು ಆಯ್ಕೆಯ ಸ್ವರೂಪ ಮತ್ತೆ ಬದಲಾಗಿದೆ. 2024ರ ಸ್ಟಾಕ್ ಓವರ್‌ಫ್ಲೋ ಸಮೀಕ್ಷೆಯಲ್ಲಿ ಉತ್ತರಿಸಿದವರಲ್ಲಿ ನೂರಕ್ಕೆ ಸುಮಾರು 73 ಜನ ವಿ.ಎಸ್. ಕೋಡ್ ಬಳಸುವುದಾಗಿ ಹೇಳಿದರು. ಅದರ ಮೂಲ ಮುಕ್ತವಾದರೂ ಮೈಕ್ರೋಸಾಫ್ಟ್ ಹಂಚುವ ಸಿದ್ಧಪ್ರತಿಗೆ ಬೇರೆಯೇ ಪರವಾನಗಿ ಇದೆ. ಇದನ್ನು ಓದಿ ನೋಡುವವರು ಕಡಿಮೆ. 2021ರಲ್ಲಿ ಗಿಟ್‌ಹಬ್ ಕೋಪೈಲಟ್ ಬಂದಂದಿನಿಂದ ಸಂಪಾದಕವು ಬರೆಯುವವನ ಬದಲಿಗೆ ತಾನೇ ಸಾಲುಗಳನ್ನು ಸೂಚಿಸತೊಡಗಿತು, ವಿ.ಎಸ್. ಕೋಡ್‌ನ ಮೂಲದಿಂದಲೇ ಕವಲೊಡೆದ ಕರ್ಸರ್‌ನಂತಹ ಸಲಕರಣೆಗಳು ಬಂದಿವೆ. ತಂಡದ ಬರಹ ಯಾರ ಯಂತ್ರಕ್ಕೆ ಹೋಗಿ ಬರುತ್ತದೆ ಎಂಬ ಪ್ರಶ್ನೆ ಈಗ ಐ.ಡಿ.ಇ.ಯ ಆಯ್ಕೆಯೊಳಗೇ ಸೇರಿಕೊಂಡಿದೆ. ಬ್ಯಾಂಕಿಗೋ ಆಸ್ಪತ್ರೆಗೋ ಕೆಲಸ ಮಾಡುವ ನನ್ನ ಶಿಷ್ಯರಿಗೆ ಇದು ಬಣ್ಣ-ಅಕ್ಷರಗಳ ರುಚಿಭೇದದ ಮಾತಾಗಿ ಉಳಿದಿಲ್ಲ.

ಕನ್ನಡದ ಮಾತೊಂದು ಉಳಿಯಿತು. ಟರ್ಬೊದ ನೀಲಿ ಪರದೆಯಲ್ಲಿ ಕನ್ನಡದ ಒಂದಕ್ಷರವೂ ಮೂಡುತ್ತಿರಲಿಲ್ಲ. 1991ರಲ್ಲಿ ಬಂದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡವಿತ್ತು. ಅದನ್ನು ಬಲ್ಲ ಸಂಪಾದಕ ನಮ್ಮ ಮಕ್ಕಳ ಮುಂದೆ ಬರಲು ಬಹಳ ವರ್ಷ ಹಿಡಿಯಿತು. ಇಂದಿನ ಸಂಪಾದಕಗಳಲ್ಲಿ ಟಿಪ್ಪಣಿಯನ್ನೂ ಸಂದೇಶವನ್ನೂ ಕನ್ನಡದಲ್ಲಿ ಬರೆಯಬಹುದು, ಆದರೂ ಸಮ ಅಗಲದ ಇಂಗ್ಲಿಷ್ ಅಕ್ಷರಗಳ ಚೌಕಗಳಲ್ಲಿ ನಮ್ಮ ಒತ್ತಕ್ಷರಗಳು ಸಾಲು ಮೀರಿ ಅಂಕುಡೊಂಕಾಗಿ ಕೂರುತ್ತವೆ. 2008ರ ಪೈಥಾನ್ 3ರಿಂದ ಈಚೆಗೆ ಚರಗಳ ಹೆಸರನ್ನೂ ಕನ್ನಡದಲ್ಲಿ ಇಡಬಹುದು. ಮೊಮ್ಮಗಳ ಯಂತ್ರದಲ್ಲಿ ನಾನೇ ಪರೀಕ್ಷಿಸಿದೆ. 'ಮಗ್ಗ' ಎಂಬ ಹೆಸರನ್ನು ಅದು ತಕರಾರಿಲ್ಲದೆ ಒಪ್ಪಿತು. 'ಸಾಫ್ಟ್‌ವೇರ್' ಎಂದು ಬರೆದರೆ, ಟಕಾರದ ಅರ್ಧಾಕ್ಷರವನ್ನು ಬಿಡಿಸಿ ನಿಲ್ಲಿಸಲು ನಾವು ಒತ್ತುವ ಕಣ್ಣಿಗೆ ಕಾಣದ ಅಕ್ಷರವೊಂದಿದೆಯಲ್ಲ, ಅದನ್ನು ಹಿಡಿದು ದೋಷವೆಂದು ತೋರಿಸಿತು.